ಬೌಲರನ ಭುಜ, ನಮ್ಮ ಬೆಂಚು

ಗಂಗಾವತಿಯಲ್ಲಿ ಗದ್ದೆಗೆ ಕಾಲುವೆ ನೀರು ಬಿಟ್ಟ ದಿನ ನಮ್ಮ ಕ್ರಿಕೆಟ್ ನಿಲ್ಲುತ್ತದೆ, ಕ್ರಿಕೆಟ್ಟಿನ ಮಾತು ಶುರುವಾಗುತ್ತದೆ. ಆ ಮಾತಿನಿಂದ ವರ್ಷಕ್ಕೆ ನಾಲ್ಕಾದರೂ ಫಜೀತಿ ಆಗದೆ ಇದ್ದದ್ದಿಲ್ಲ.

ನಮ್ಮ ಮೈದಾನವೆಂದರೆ ಮರಳಿ ರಸ್ತೆಯ ಒಂದು ಗದ್ದೆ. ಎರಡನೇ ಬೆಳೆ ಕೊಯ್ದು, ಕಾಲುವೆ ಬಂದಾಗಿ, ನೆಲ ಒಣಗಿ ಗಟ್ಟಿಯಾದ ಮೇಲೆ ಅಲ್ಲಿ ಟೆನಿಸ್ ಬಾಲಿನ ಟೂರ್ನಮೆಂಟು. ಉಳಿದ ತಿಂಗಳೆಲ್ಲ ಗದ್ದೆಯಲ್ಲಿ ಭತ್ತ ಇರುತ್ತದೆ, ನಾವು ಬೆಂಚಿನ ಮೇಲೆ ಇರುತ್ತೇವೆ. ಪ್ರತಿ ತಂಡ ಹೊರಗಿನ ಊರಿನ ಒಬ್ಬ ಆಟಗಾರನನ್ನು ತರಬಹುದು ಅಂತ ಒಂದು ನಿಯಮ ಇದೆ. ಮುಂದಿನ ಸಲ ಯಾವ ಬೌಲರನ್ನು ತರಬೇಕು, ಅವನ ಭುಜ ಹೇಗಿದೆ, ಮೊಣಕಾಲು ತಡೆಯುತ್ತದೋ ಇಲ್ಲವೋ, ಇದೇ ನಮ್ಮ ಚರ್ಚೆ.

ನಾವು ಅಂದರೆ ಮೂರು ಮಂದಿ. ಕಂಬ ಹತ್ತಿ ಹತ್ತಿ ನಿವೃತ್ತರಾದ ಲೈನ್‌ಮನ್ ಕಾಕಾ, ಎದುರಿನ ಅಂಗಡಿಯ ಟೇಲರ್ ಮಾವ, ಮತ್ತು ನಾನು. ಮೂವರಲ್ಲಿ ಯಾರೂ ಆಡುವವರಲ್ಲ. ನಾನು ಐದನೇ ಕ್ಲಾಸಿಗೆ ಸಾಲಿ ಬಿಟ್ಟವನು. ಭತ್ತ ಕೊಯ್ಯುವ ಮಷೀನಿನ ಹಿಂದೆ ತಿರುಗಿದೆ, ಬೋರ್‌ವೆಲ್ ಲಾರಿಯಲ್ಲಿ ತಿರುಗಿದೆ, ಹೊಳೆಯಲ್ಲಿ ಹರಿಗೋಲು ಹಾಕಿದೆ. ಈಗ ಟೆಂಪೋದಲ್ಲಿ ಪ್ಲಾಸ್ಟಿಕ್ ಕೊಡ ತುಂಬಿಕೊಂಡು ಕೊಪ್ಪಳ, ಕುಷ್ಟಗಿ, ಎಲಬುರ್ಗಿ ಸುತ್ತುತ್ತೇನೆ. ಹೇಗೂ ತಿರುಗುವವನು ಅಂತ ಬೌಲರನ್ನು ಹುಡುಕುವ ಕೆಲಸ ನನಗೇ ಬಂತು.

ಬೆಂಚು ಇರುವುದು ಮಂಡಕ್ಕಿ ಒಗ್ಗರಣಿ-ಮಿರ್ಚಿ ಹೋಟೆಲಿನ ಮುಂದೆ. ನಾಲ್ಕು ವರ್ಷದಿಂದ ನಮ್ಮ ತಂಡ ಮೊದಲನೇ ಮ್ಯಾಚಿನಲ್ಲೇ ಕಾಲುವೆ ಬದಿಯ ಕ್ಯಾಂಪ್ ಊರಿನವರ ಕೈಲಿ ಸೋತು ಮನೆಗೆ ಬರುತ್ತಿತ್ತು. ಹೋದ ವರ್ಷ ನೀರು ಬಿಟ್ಟ ದಿನವೇ ಹೋಟೆಲ್ ಸಾಹುಕಾರ ಮಿರ್ಚಿ ಎತ್ತುವ ಝಾರಿ ಹಿಡಿದುಕೊಂಡು ಹೊರಗೆ ಬಂದ.

"ನೋಡ್ರಿ, ಈ ಸಲಾನೂ ಮೊದಲ್ನೇ ಮ್ಯಾಚಿಗೇ ಸೋತು ಬಂದ್ರ ಈ ಬೆಂಚ್ ತಗದು ಒಳಗ ಒಗೀತೀನಿ. ನಿಮ್ಮ ಮಾತು ಕೇಳಿಕೋತ ನಿಂತು ದಿನಾ ಒಂದು ಬಾಣಲಿ ಮಿರ್ಚಿ ಹೊತ್ತಾಕತ್ಯಾವ."

ಕಾಕಾಗೆ ಮನೆ ಕಟ್ಟೆ ಇದೆ. ಮಾವನಿಗೆ ಅಂಗಡಿ ಇದೆ. ನನಗೆ ಇದ್ದದ್ದು ಅದೊಂದು ಬೆಂಚು. ಬಾಡಿಗೆ ಖೋಲಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ. ನನ್ನನ್ನು ಹುಡುಕಿ ಬರುವವರು ಬೆಂಚಿಗೇ ಬರುತ್ತಾರೆ. ನನ್ನ ಹೆಸರಿಗೆ ಬರುವ ಪಾರ್ಸಲ್ ಮೇಲೂ "ಹೋಟೆಲ್ ಮುಂದಿನ ಬೆಂಚು, ಗಂಗಾವತಿ" ಅಂತಲೇ ಇರುತ್ತದೆ. ಹಾಗಾಗಿ ಉಳಿದವರಿಗೆ ಅದು ತಮಾಷೆ, ನನಗೆ ಮನೆ ಖಾಲಿ ಮಾಡಿಸಿದ ಹಾಗೆ.

೧. ಕುಷ್ಟಗಿಯ ಕೈ

ಸಜ್ಜೆ ತೆನೆ ಕಟ್ಟಿದ ಕಾಲ. ಕುಷ್ಟಗಿ ದಾಟಿ ಟೆಂಪೋ ಕಾದಿತ್ತು ಅಂತ ನಿಲ್ಲಿಸಿ ನೀರು ಹಾಕುತ್ತಿದ್ದೆ. ದೂರದ ಹೊಲದ ನಡುವೆ ಅಟ್ಟದ ಮೇಲೆ ಒಬ್ಬ ನಿಂತಿದ್ದ. ಕೈ ತಿರುವಿದ. ಆಚೆ ಹೊಲ ದಾಟಿ ಬೇವಿನ ಗಿಡದ ಬುಡದಲ್ಲಿ ಕಲ್ಲು ಬಿತ್ತು, ಹಕ್ಕಿಗಳು ಭರ್ರೆಂದು ಎದ್ದವು. ಮತ್ತೆ ತಿರುವಿದ, ಅದೇ ಬುಡ. ಮೂರನೇ ಸಲವೂ ಅದೇ ಬುಡ.

ನಾನು ಅಲ್ಲಿಂದಲೇ ಕಾಕಾಗೆ ಫೋನ್ ಮಾಡಿ, ಎರಡು ಹೊಲ ದಾಟಿಸುತ್ತಾನೆ, ಗುರಿ ಕೂದಲೆಳೆಯಷ್ಟೂ ತಪ್ಪುವುದಿಲ್ಲ ಅಂದೆ. ಕಾಕಾ ಒಂದೇ ಮಾತು ಕೇಳಿದರು, ಭುಜ ಹೇಗಿದೆ ಅಂತ. ಇಷ್ಟು ದೂರದಿಂದ ಛಲೋ ಕಾಣುತ್ತದೆ ಅಂದೆ.

ಸುಗ್ಗಿ ಮುಗಿದ ವಾರ ಅವನನ್ನು ಕೊಡಗಳ ನಡುವೆ ಕೂರಿಸಿಕೊಂಡು ಕರೆತಂದೆ. ಸಾಹುಕಾರ ಕೂಡ ಕರಗಿ ಒಂದು ಪ್ಲೇಟ್ ಒಗ್ಗರಣಿ ಪುಕ್ಕಟೆ ಕೊಟ್ಟ. ಅಕ್ಕಿ ಗಿರಣಿಯ ಬಯಲಲ್ಲಿ ಸ್ಟಂಪ್ ನೆಟ್ಟು, ಅವನ ಕೈಗೆ ಬಾಲ್ ಕೊಟ್ಟೆವು. ಅವನು ಬಾಲನ್ನು ಮೂರು ಸಲ ತಿರುಗಿಸಿ ನೋಡಿದ. ಆಮೇಲೆ ಸೊಂಟದಿಂದ ಕವಣೆ ಬಿಚ್ಚಿ, ಅದರಲ್ಲಿ ಬಾಲ್ ಇಟ್ಟು, ತಲೆ ಮೇಲೆ ಗಿರ್ರನೆ ತಿರುಗಿಸಿ ಬಿಟ್ಟ. ಬಾಲ್ ಗಿರಣಿಯ ತಗಡಿನ ಮೇಲಿಂದ ಹಾರಿ ಹೋಯಿತು.

ರಸ್ತೆಯಿಂದ ನನಗೆ ಕವಣೆ ಕಂಡಿರಲಿಲ್ಲ. ಕವಣೆ ಬಿಟ್ಟು ಹಾಕಪ್ಪಾ ಅಂತ ಮಾವ ಅಂದಾಗ ಹಾಕಿದ, ಅದು ಸೀದಾ ಮಾವನ ಹೆಬ್ಬೆರಳಿಗೆ ಬಿತ್ತು. ಮಾವ ಒಂಟಿ ಕಾಲಲ್ಲಿ ಕುಣಿಯುತ್ತಿದ್ದರೆ ಕಾಕಾ ಮಾತ್ರ ಇನ್ನೂ ತಗಡಿನ ಕಡೆಗೇ ನೋಡುತ್ತಿದ್ದರು.

"ಕವಣಿ ತರಬಾರದು ಅಂತ ರೂಲ್ಸಿನ್ಯಾಗ ಎಲ್ಲಿ ಬರದಾರ? ತೋರಸ್ರಿ."

ಅವನನ್ನು ವಾಪಸ್ ಕಳಿಸುವ ಪ್ರಮೇಯ ಬರಲಿಲ್ಲ. ನಮ್ಮ ಗದ್ದೆಯ ಮಾಲೀಕ ಅಲ್ಲೇ ನಿಂತು ನೋಡುತ್ತಿದ್ದ. ಭತ್ತಕ್ಕೆ ಹಕ್ಕಿ ಬೀಳುತ್ತಿದ್ದವು, ಅಂದೇ ಕೆಲಸಕ್ಕೆ ಇಟ್ಟುಕೊಂಡ. ಇಷ್ಟು ವರ್ಷದಲ್ಲಿ ನಾವು ತಂದ ಆಟಗಾರರ ಪೈಕಿ ನಮ್ಮ ಮೈದಾನದಲ್ಲಿ ಇಡೀ ಸೀಸನ್ ನಿಂತವನು ಅವನೊಬ್ಬನೇ.

೨. ಅಳತೆ ಪುಸ್ತಕ

ಹೊರಗಿನವನು ಸಿಗುವ ತನಕ ನಮ್ಮ ಹಳೇ ಬೌಲರನೇ ಗತಿ. ಅವನು ಗಿರಣಿಯಲ್ಲಿ ಹಮಾಲ. ಬೆಳಗಿನಿಂದ ಸಂಜೆ ತನಕ ಚೀಲ ಹೊತ್ತರೂ ಏನೂ ಅನ್ನದವನು, ಎರಡು ಓವರ್ ಹಾಕಿದರೆ ಭುಜ ಹಿಡಿದುಕೊಂಡು ಕೂತುಬಿಡುತ್ತಿದ್ದ. ನಾಟಕ ಅಂತ ಕಾಕಾ, ಅಲ್ಲ ಅಂತ ಮಾವ.

ಇದಕ್ಕೆ ಮಾವನ ಬಳಿ ಸಾಕ್ಷಿ ಇತ್ತು. ಓಣಿಯವರ ಅಂಗಿಯ ಅಳತೆಯೆಲ್ಲ ಬರೆದ ದಪ್ಪ ಪುಸ್ತಕ. ಒಂದು ಮಧ್ಯಾಹ್ನ ಹಮಾಲನನ್ನು ಬೆಂಚಿನ ಮುಂದೆ ನಿಲ್ಲಿಸಿ, ಕೊರಳಿನ ಟೇಪ್ ತೆಗೆದು, ಹೋದ ದೀಪಾವಳಿಯ ಅಳತೆಗೆ ಹೋಲಿಸಿ ನೋಡಿದರು. ಬಲ ಭುಜ ಒಂದು ಬೆರಳು ಕೆಳಗೆ ಇಳಿದಿತ್ತು. ನೋಡ್ರಿ ಅಂದರು, ಡಾಕ್ಟರ್ ಬೇಡ, ಎಕ್ಸರೇ ಬೇಡ.

ಕಾಕಾ ಒಪ್ಪಲಿಲ್ಲ. ದಿನಾ ಚೀಲ ಹೊರುವವನ ಭುಜ ಇಳಿಯದೆ ಏನು ಏರುತ್ತದೆಯೇ ಅಂದರು. ಮಾವ ಪುಟ ತಿರುವಿ ಗಿರಣಿಯ ಉಳಿದ ಹಮಾಲರ ಅಳತೆ ತೆಗೆದರು. ಎಲ್ಲರದೂ ಒಂದು ಬೆರಳು ಕೆಳಗೇ ಇತ್ತು. ವಾದ ಕೈತಪ್ಪಿ ಹೋಗುತ್ತದೆ ಅನಿಸಿದಾಗ ಮಾವ ಟೇಪನ್ನು ಸೀದಾ ಕಾಕಾನ ಭುಜಕ್ಕೆ ಹಾಕಿದರು.

"ಕಾಕಾ, ನಿಮ್ಮದು ಎರಡು ಬೆರಳು ಇಳದೈತಿ. ನಿಮ್ಮನ್ನಂತೂ ಆಡಸಾಕ ಬರಂಗಿಲ್ಲ."

ಅರವತ್ತು ದಾಟಿದ ಕಾಕಾನನ್ನು ಆಡಿಸಬೇಕು ಅಂತ ಯಾರೂ ಅಂದಿರಲಿಲ್ಲ, ಕಾಕಾ ಕೂಡ ಕೇಳಿರಲಿಲ್ಲ. ಆದರೂ ತಂಡದಿಂದ ಕೈಬಿಟ್ಟರು ಅಂತ ಎಂಟು ದಿನ ಮಾವನ ಜೊತೆ ಮಾತು ಬಿಟ್ಟು ಬೆಂಚಿನ ಆ ತುದಿಗೆ ಕೂತರು.

೩. ಪರದೇಶಿಯ ಮೊಣಕೈ

ಚಳಿಗಾಲದಲ್ಲಿ ಹಂಪಿಯ ಎದುರು ದಂಡೆಯ ವಿರೂಪಾಪುರಗಡ್ಡಿ ಕಡೆ ಕೊಡ ಮಾರಲು ಹೋಗಿದ್ದೆ. ಒಬ್ಬ ಎತ್ತರದ ಪರದೇಶಿ ಹೊಳೆ ದಂಡೆಯಲ್ಲಿ ಬಂಡೆಗೆ ಚೆಂಡು ಎಸೆಯುತ್ತ ನಿಂತಿದ್ದ. ಎಸೆತದ ಸದ್ದು ಕೇಳಿದರೆ ಪಟಾಕಿ ಹೊಡೆದ ಹಾಗೆ. ಈ ಸಲ ನಾನು ಹತ್ತಿರ ಹೋಗಿ ಮೊದಲು ಅವನ ಸೊಂಟ ನೋಡಿದೆ. ಕವಣೆ ಇರಲಿಲ್ಲ.

ನನ್ನ ಇಂಗ್ಲಿಷು ಹರಿಗೋಲಿನಲ್ಲಿ ಕಲಿತದ್ದು. ಬಾ, ಕೂಡು, ಅಲುಗಾಡಬೇಡ, ಈ ಮೂರೇ ಮಾತು. ಮೂರನ್ನೂ ಹೇಳಿದೆ. ಅವನು ಬಂದ, ಟೆಂಪೋದಲ್ಲಿ ಕೂತ, ಗಂಗಾವತಿ ಬರುವ ತನಕ ಅಲುಗಾಡಲಿಲ್ಲ.

ಹೋಟೆಲ್ ಸಾಹುಕಾರನ ಮಗಳು ಬಿ.ಕಾಂ. ಮುಗಿಸಿ ದುಡ್ಡಿನ ಗಲ್ಲೆಯ ಮೇಲೆ ಕೂಡುತ್ತಾಳೆ. ಅಪ್ಪನಿಗಿಂತ ನೆತ್ತಿ ತಂಪು, ಮಾತು ಚುರುಕು. ಅವಳೇ ನಮ್ಮ ದುಭಾಷಿಯಾದಳು. ಪರದೇಶಿ ಗಿರಣಿ ಬಯಲಲ್ಲಿ ಓಡಲೇ ಇಲ್ಲ. ನಿಂತಲ್ಲೇ ಮೊಣಕಾಲು ಎದೆಗೆ ತಂದು, ಬಾಲನ್ನು ನೆಲಕ್ಕೆ ತಾಗಿಸದೆ ಬ್ಯಾಟ್ಸ್‌ಮನ್‌ನ ಮೂಗಿನ ನೇರಕ್ಕೆ ಬಿಟ್ಟ. ಬ್ಯಾಟ್ಸ್‌ಮನ್ ಬ್ಯಾಟ್ ಬಿಟ್ಟು ಓಡಿದ. ವಿಚಾರಿಸಿದರೆ ಅವನದು ಬೇಸ್‌ಬಾಲ್, ಅದರಲ್ಲಿ ಬಾಲ್ ನೆಲಕ್ಕೆ ಬೀಳಬಾರದಂತೆ. ಕಾಕಾ ನಿಟ್ಟುಸಿರು ಬಿಟ್ಟರು. ನೆಲಕ್ಕೆ ಬೀಳದ ಬಾಲ್ ಹಾಕುವವರು ನಮ್ಮ ತಂಡದಲ್ಲಿ ಆಗಲೇ ನಾಲ್ಕು ಮಂದಿ ಇದ್ದಾರೆ, ಅದಕ್ಕೇ ಸೋಲುತ್ತಿದ್ದೇವೆ ಅಂದರು.

ಆಮೇಲೆ ಮಿರ್ಚಿ ತಿನ್ನುತ್ತ, ಕಣ್ಣೀರು ಒರೆಸುತ್ತ ಅವನು ಮಾತಿಗೆ ಇಳಿದ. ಅವನ ಊರಲ್ಲಿ ಈಗ ಚಳಿ, ಆಟ ಬಂದ್. ಅವರ ತಂಡ ಮುಂದಿನ ವರ್ಷಕ್ಕೆ ಇಬ್ಬರು ಬೌಲರನ್ನು ತಂದಿದೆ. ಒಬ್ಬನ ಮೊಣಕೈ ಕೊಯ್ದು ಹೊಲಿದಿದ್ದಾರೆ, ಇನ್ನೊಬ್ಬನ ಭುಜದ ಕಥೆ ಯಾರಿಗೂ ಗೊತ್ತಿಲ್ಲ. ಅವನ ಅಪ್ಪ ಮತ್ತು ಅಪ್ಪನ ಗೆಳೆಯರು ದಿನಾ ಹೋಟೆಲಿನಲ್ಲಿ ಕೂತು ಅದೇ ಜಗಳ ಮಾಡುತ್ತಾರಂತೆ. ಅವಳು ಇದನ್ನು ಕನ್ನಡದಲ್ಲಿ ಹೇಳುತ್ತ ಹೋದ ಹಾಗೆ ಕಾಕಾ ಸರಿದು ಅವನಿಗೆ ಇನ್ನಷ್ಟು ಜಾಗ ಕೊಟ್ಟರು. ಮಾವ ಮೆಲ್ಲಗೆ, ಅವರ ತಂಡ ಗೆಲ್ಲುತ್ತದೇನು ಕೇಳವ್ವ ಅಂದರು. ಅವನು ತಲೆ ತಗ್ಗಿಸಿ ಅಲ್ಲಾಡಿಸಿದ. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ನಾನು ನನ್ನ ಚಿಂತೆ ಕೇಳಿದೆ. ಅಲ್ಲಿಯ ಹೋಟೆಲಿನವನೂ ಬೆಂಚ್ ತೆಗೆಯುತ್ತೇನೆ ಅನ್ನುತ್ತಾನೆಯೇ?

"ಅವರು ಹೊರಗ ಕುಂಡ್ರೂದಿಲ್ಲಂತ, ಹಿಮ ಬೀಳತೈತಂತ," ಅಂದಳು. "ಚಳಿಗಾಲ ಪೂರ್ತಿ ಹೋಟೆಲ್ ಒಳಗ ಕುಂಡ್ರತಾರಂತ."

ಅಷ್ಟು ಹೊತ್ತು ನಗುತ್ತಿದ್ದ ಸಾಹುಕಾರ ಎದೆ ಮೇಲೆ ಕೈ ಇಟ್ಟುಕೊಂಡ. "ಒಳಗಾ? ಪಾಪ, ಆ ಹೋಟೆಲ್ನವ ಬದುಕ್ಯಾನೇನು ಕೇಳವ್ವ."

೪. ಎಲಬುರ್ಗಿಯ ಹುಡುಗ

ಟೂರ್ನಮೆಂಟಿಗೆ ಎರಡು ತಿಂಗಳು ಉಳಿದಿತ್ತು. ಎಲಬುರ್ಗಿ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಇದ್ದಾನೆ, ಬಾಲ್ ಹಾಕಿದರೆ ಕಣ್ಣಿಗೆ ಕಾಣುವುದಿಲ್ಲ ಅಂತ ಸುದ್ದಿ ಬಂತು. ಅದರ ಬಾಲಕ್ಕೆ ಇನ್ನೊಂದು ಸುದ್ದಿ. ಹೋದ ವರ್ಷ ಟ್ರ್ಯಾಕ್ಟರಿನಿಂದ ಬಿದ್ದು ಭುಜಕ್ಕೆ ಪೆಟ್ಟಾಗಿದೆ, ತಲೆ ಬಾಚಲೂ ಆಗುವುದಿಲ್ಲ ಅಂತ. ಇನ್ನು ಕೆಲವರು ಅದೆಲ್ಲ ಸುಳ್ಳು ಅಂದರು. ಕುಷ್ಟಗಿಯ ನಂತರ ನನ್ನ ಕಣ್ಣನ್ನು ಯಾರೂ ನಂಬುತ್ತಿರಲಿಲ್ಲ, ಹಾಗಾಗಿ ಮೂವರೂ ಹೋದೆವು. ಇಸ್ತ್ರಿ ಅಂಗಿ ಹಾಕಿಕೊಂಡು ಹೋದದ್ದು ಮೊದಲ ತಪ್ಪು.

ಎರಡನೇ ತಪ್ಪು, ಕ್ರಿಕೆಟ್ಟಿನ ಮಾತು ಎತ್ತಬಾರದು ಅಂತ ಟೆಂಪೋದಲ್ಲೇ ಆಣೆ ಮಾಡಿಕೊಂಡದ್ದು. ಗೊತ್ತಾದರೆ ಕ್ಯಾಂಪಿನವರು ಅವನನ್ನು ಹಾರಿಸಿಕೊಂಡು ಹೋಗುತ್ತಾರೆ ಅಂತ ಕಾಕಾನ ಭಯ. ಹುಡುಗ ಟ್ರ್ಯಾಕ್ಟರ್ ತಗೊಂಡು ಇಟಗಿಗೆ ಹೋಗಿದ್ದ. ಅವನು ಬರುವ ತನಕ ಕಿರಾಣಿ ಅಂಗಡಿಯಲ್ಲಿ ಒಂದಿಷ್ಟು, ಕಟಿಂಗ್ ಅಂಗಡಿಯಲ್ಲಿ ಒಂದಿಷ್ಟು ವಿಚಾರಿಸಿದೆವು. ಹುಡುಗ ಕುಡಿಯುತ್ತಾನೆಯೇ, ಗುಟ್ಕಾ ತಿನ್ನುತ್ತಾನೆಯೇ, ಮೈಯಲ್ಲಿ ಏನಾದರೂ ಊನ ಇದೆಯೇ, ಸಿಟ್ಟು ಜಾಸ್ತಿಯೇ. ಯಾಕ್ರಿ ಅಂತ ಕೇಳಿದವರಿಗೆಲ್ಲ ಮಾವ, ಎಲ್ಲ ಕೂಡಿ ಬಂದರೆ ನಿಮಗೇ ಗೊತ್ತಾಗುತ್ತದೆ ಬಿಡ್ರಿ ಅನ್ನುತ್ತ ನಗುತ್ತಿದ್ದರು.

ನಾವು ಅವನ ಮನೆ ಮುಟ್ಟುವಷ್ಟರಲ್ಲಿ ಅಂಗಳ ಗುಡಿಸಿ ನೀರು ಹೊಡೆದಿದ್ದರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಹುಡುಗನ ತಾಯಿ ತಲೆ ಮೇಲೆ ಸೆರಗು ಹೊದ್ದು ನಿಂತಿದ್ದಳು, ಅವನ ಸೋದರಮಾವ ತಲೆಗೆ ಪಟಕ ಸುತ್ತಿಕೊಂಡು ಕೂತಿದ್ದ. ಈ ಊರಿನವರು ಕ್ರಿಕೆಟ್ಟಿಗೆ ಎಷ್ಟು ಮರ್ಯಾದೆ ಕೊಡುತ್ತಾರಲ್ಲ ಅಂತ ಕಾಕಾ ನನ್ನ ಕಿವಿಯಲ್ಲಿ ಅಂದರು.

ಹುಡುಗನಿಗೆ ಯಾವ ಚಟವೂ ಇಲ್ಲ ಅಂತ ಸೋದರಮಾವ ಮಾತು ಶುರು ಮಾಡಿದ. ಅದೆಲ್ಲ ಕೇಳೀವ್ರಿ ಅಂದರು ಮಾವ, ಭುಜದ್ದೊಂದೇ ಸಂಶಯ. ಬಲಗೈ ಪೂರ್ತಿ ಮೇಲೆ ಹೋಗುತ್ತದೆಯೇ ಅಂತ ಕಾಕಾ ಕೇಳಿದರು. ತಾಯಿ, ಸೋದರಮಾವ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋಗುತ್ತದೆ ಅಂದಳು ತಾಯಿ, ಆದರೆ ಯಾಕೆ? ನಮ್ಮ ಕಡೆ ಮೊದಲು ಅದನ್ನೇ ನೋಡುತ್ತಾರೆ ಅಂತ ಕಾಕಾ ವಿವರಿಸಿದರು.

"ಹುಡುಗ ನಿಮ್ಮಲ್ಲೇ ಬಂದು ಇರಬೇಕಾಗತೈತೇನ್ರಿ?" ಸೋದರಮಾವನ ದನಿ ಸ್ವಲ್ಪ ಬಿಗಿಯಾಗಿತ್ತು.

"ಎರಡ ತಿಂಗಳ ಇದ್ರ ಸಾಕ್ರಿ," ಅಂದರು ಕಾಕಾ. "ಆಮ್ಯಾಲ ನೀವು ಕರ್ಕೊಂಡು ಹೋಗ್ರಿ."

"ಎರಡ ತಿಂಗಳಿಗಾ?"

ಮಾವ ಸಮಾಧಾನ ಮಾಡಲು ಹೋದರು. "ಛಲೋ ಆದ್ರ ಮುಂದಿನ ವರ್ಷಾನೂ ಕರೀತೀವ್ರಿ."

ತಾಯಿ ಜಮಖಾನೆಯ ಅಂಚಿನಲ್ಲಿ ಮೆಲ್ಲಗೆ ಕೂತಳು. "ಮತ್ತ ನಿಮಗ ಸರಿ ಬರಲಿಲ್ಲಂದ್ರ?"

"ಅದಕ್ಕೇನವ್ವ, ಹಿಂದ ಒಬ್ಬ ಕುಷ್ಟಗಿಯವನ್ನ ತಂದಿದ್ವಿ," ಅಂದರು ಕಾಕಾ. "ಒಂದ ದಿನದಾಗ ಗೊತ್ತಾತು, ಸರಿ ಇಲ್ಲಂತ. ಅವನ್ನ ಹೊರಗ ಹಾಕಿಲ್ಲ. ಗದ್ದ್ಯಾಗ ಹಕ್ಕಿ ಓಡಸಾಕ ಇಟ್ಟೀವಿ."

ನೀರಾವರಿ ಕಡೆಯವರ ಪದ್ಧತಿ ಬೇರೆ ಅಂತ ಕೇಳಿದ್ದೆ, ಇಷ್ಟು ಬೇರೆ ಅಂತ ಗೊತ್ತಿರಲಿಲ್ಲ ಅಂದ ಸೋದರಮಾವ. ಆದರೆ ತಾಯಿ ಗಟ್ಟಿ ಹೆಂಗಸು. ಮಾತು ಇಲ್ಲಿ ಬೇಡ, ಸೋಮವಾರ ನಾವೇ ಬಂದು ಮನೆ ನೋಡುತ್ತೇವೆ ಅಂದಳು. ವಿಳಾಸ ಕೇಳಿದಾಗ ನಾನು ನನ್ನದೇ ವಿಳಾಸ ಕೊಟ್ಟೆ. ಹೋಟೆಲ್ ಮುಂದಿನ ಬೆಂಚು, ಗಂಗಾವತಿ.

ಸೋಮವಾರ ಬಂದರು. ತಾಯಿ, ಸೋದರಮಾವ, ಬಿಳಿ ಅಂಗಿಯ ಹುಡುಗ. ತಾಯಿಯ ಕೈಚೀಲದಲ್ಲಿ ತೆಂಗಿನಕಾಯಿ, ಹೂವು. ಮೂವರೂ ಬೆಂಚಿನ ಮೇಲೆ ಸಾಲಾಗಿ ಕೂತರು. ಕಾಕಾ ಹುಡುಗನ ಭುಜ ಮುಟ್ಟಿ ನೋಡಲು ಕೈ ಚಾಚುವಷ್ಟರಲ್ಲಿ ಸೋದರಮಾವ ಕೇಳಿದ.

"ಅದೆಲ್ಲ ಆಮ್ಯಾಲ್ರಿ. ಮೊದಲ ಹುಡುಗಿ ತೋರಸ್ರಿ."

ಮಾವನ ಕೊರಳಿನ ಟೇಪ್ ಜಾರಿ ಕೆಳಗೆ ಬಿತ್ತು. ನಡೆದದ್ದನ್ನೆಲ್ಲ ನಾನು ಬಿಡಿಸಿ ಹೇಳಬೇಕಾಯಿತು, ಟೂರ್ನಮೆಂಟು, ಕವಣೆ, ಎರಡು ತಿಂಗಳು ಎಲ್ಲ. ಹೇಳುತ್ತ ನಾನು ಟೆಂಪೋದ ಬಾಗಿಲ ಹತ್ತಿರ ಸರಿದು ನಿಂತಿದ್ದೆ. ಸೋದರಮಾವ ಎದ್ದು ಪಟಕ ಸರಿಮಾಡಿಕೊಂಡ. ತಾಯಿ ಮಾತ್ರ ಎರಡು ತಿಂಗಳು ಅಂದಾಗ ಬಾಯಿಗೆ ಸೆರಗು ಹಿಡಿದವಳು, ಹಕ್ಕಿ ಅನ್ನುವಷ್ಟರಲ್ಲಿ ನಕ್ಕೂ ನಕ್ಕೂ ಬೆಂಚಿನ ಮೇಲೆ ಬಾಗಿಬಿಟ್ಟಳು.

ಬಿಸಿಲಲ್ಲಿ ಬಂದವರಲ್ಲ ಅಂತ ಸಾಹುಕಾರನ ಮಗಳು ದಿನದ ಹಾಗೆ ತಟ್ಟೆಯಲ್ಲಿ ಚಹಾ ತಂದಳು. ದಿನಾ ನಮಗೆ ತರುವ ಅದೇ ತಟ್ಟೆ. ಆದರೆ ಬಿಳಿ ಅಂಗಿಯ ಹುಡುಗನ ಮುಂದೆ ಅವಳು ಬಗ್ಗಿ ತಟ್ಟೆ ಹಿಡಿದಾಗ ತಾಯಿಯ ನಗು ನಿಂತಿತು. ಎರಡು ಕಣ್ಣೂ ಅರಳಿದವು. ನಿಮ್ಮ ತಾಯಿಯ ತವರು ಯಾವುದವ್ವ ಅಂತ ಕೇಳಿದಳು. ಎಲಬುರ್ಗಿಗೆ ಮೂರು ಹರದಾರಿ ಆಚೆ. ಕೆದಕಿದರೆ ದೂರದ ನಂಟು ಹೊರಬಿತ್ತು. ಸಾಹುಕಾರ ಝಾರಿ ಕೆಳಗಿಟ್ಟು ಕೈ ಒರೆಸಿಕೊಂಡ.

ಇಬ್ಬರೇ ಐದು ನಿಮಿಷ ಮಾತಾಡಲಿ ಅಂತ ನಳದ ಹತ್ತಿರ ಬಿಟ್ಟರು. ನಾನು ಅಲ್ಲೇ ಟೆಂಪೋಗೆ ನೀರು ಹಿಡಿಯುತ್ತಿದ್ದೆ.

"ಇವರೆಲ್ಲ ನಿಮ್ಮ ಭುಜದ ಸಲುವಾಗಿ ನಿದ್ದಿಗೆಟ್ಟಾರ," ಅಂದಳು ಅವಳು. "ಖರೇನ ಹೇಳ್ರಿ, ನೋಯತೈತೋ ಇಲ್ಲೋ?"

ಅವನು ನಮ್ಮ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಭಾಳ ನೋಯತೈತ್ರಿ. ಯಾರ ಮುಂದನೂ ಹೇಳಿಲ್ಲ. ಗೊತ್ತಾದ್ರ ಯಾವ ತಂಡದವರೂ ಕರಿಯಂಗಿಲ್ಲ."

"ಹಂಗಾರ ಹಾಕಬ್ಯಾಡ್ರಿ."

"ಆತ್ರಿ."

ಮೂವರು ಗಂಡಸರು ಒಂದು ಅಳತೆ ಪುಸ್ತಕ ಇಟ್ಟುಕೊಂಡು ತಿಳಿಯಲಾಗದ್ದನ್ನು ಅವಳು ಒಂದು ಕಪ್ ಚಹಾದಲ್ಲಿ ತಿಳಿದುಕೊಂಡಳು. ಕೊಯ್ಲು ಮುಗಿದ ಹದಿನೈದನೇ ದಿನ ಮದುವೆ. ಅಕ್ಕಿಕಾಳು ಹಾಕುವಾಗ ಕಾಕಾ ತಮ್ಮ ಬಲಗೈ ನೆಟ್ಟಗೆ ಆಕಾಶಕ್ಕೆ ಹೋಗುವುದನ್ನು ಮಾವನಿಗೆ ಬೇಕಂತಲೇ ಎರಡು ಸಲ ತೋರಿಸಿದರು.

ಟೂರ್ನಮೆಂಟು ಬಂತು. ನಮ್ಮ ಬೌಲರ್ ಅಳಿಯನಾಗಿ ಶಾಮಿಯಾನದ ನೆರಳಲ್ಲಿ ಕೂತಿದ್ದ. ಪಕ್ಕದಲ್ಲಿ ಸಾಹುಕಾರ, ಬೌಂಡರಿಗೆ ಬಂದ ಬಾಲನ್ನು ಅಳಿಯ ಎತ್ತಿ ಎಸೆಯಲು ಹೋದರೂ ಕೈ ಹಿಡಿದು ಕೂರಿಸುತ್ತಿದ್ದ. ಹಮಾಲನೇ ಬೌಲಿಂಗ್ ಮಾಡಿದ, ಮೊದಲನೇ ಮ್ಯಾಚಿನಲ್ಲೇ ಕ್ಯಾಂಪಿನವರು ನಮ್ಮನ್ನು ಹೊಡೆದು ಹಾಕಿದರು.

ತಲೆ ತಗ್ಗಿಸಿ ಹೋಟೆಲಿಗೆ ಬಂದರೆ ಬೆಂಚು ಇರಲಿಲ್ಲ. ನಾಲ್ಕು ಕಾಲಿನ ಗುರುತು ಮಾತ್ರ ನೆಲದಲ್ಲಿ ಇತ್ತು. ಕಾಕಾ ಮನೆ ಕಟ್ಟೆಯ ದಾರಿ ಹಿಡಿದರು, ಮಾವ ಅಂಗಡಿ ಹೊಕ್ಕರು. ನಾನು ಟೆಂಪೋ ಹತ್ತಿದೆ. ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ ಕೀಲಿ ಹಿಡಿದುಕೊಂಡು ಹಾಗೇ ಕೂತಿದ್ದೆ.

ಅಷ್ಟರಲ್ಲಿ ಸಾಹುಕಾರ ಬಡಿಗನನ್ನು ಹಿಂದೆ ಹಾಕಿಕೊಂಡು ಬಂದ. ಬಡಿಗನ ತಲೆ ಮೇಲೆ ನಮ್ಮ ಬೆಂಚು. ಹೊಸ ಕಾಲು, ಹಸಿರು ಬಣ್ಣ, ಒಂದು ತುದಿಗೆ ಅರಿಶಿನ ಕುಂಕುಮ. ಸಂಬಂಧ ಕೂಡಿದ ಬೆಂಚು, ಅದನ್ನು ಮಾತ್ರ ಕದಲಿಸಬೇಡಿ ಅಂತ ಬೀಗತಿ ಅಂದಿದ್ದಳಂತೆ. ಸಿಮೆಂಟ್ ಕಲಸಿ ನಾಲ್ಕೂ ಕಾಲು ನೆಲಕ್ಕೆ ಗಟ್ಟಿ ಮಾಡಿಸಿದ. ಸಿಮೆಂಟ್ ಒಣಗುವ ತನಕ ಯಾರೂ ಕೂಡಬಾರದು ಅಂತ ಅಳಿಯನನ್ನೇ ಕಾವಲಿಗೆ ನಿಲ್ಲಿಸಿದ.

ಈಗ ಮತ್ತೆ ಕಾಲುವೆಗೆ ನೀರು ಬಂದಿದೆ, ಇಲ್ಲೇ ಉಳಿದ ಅಳಿಯನೂ ಸೇರಿ ಬೆಂಚಿನ ಮೇಲೆ ನಾವು ನಾಲ್ಕು ಮಂದಿ. ಭುಜದ ವಿಷಯ ಬಂದರೆ ಅಳಿಯನ ಮಾತೇ ಕೊನೆ. ಮೊನ್ನೆ ಹಿಂದಿನ ಓಣಿಯ ಒಬ್ಬ ಅಕ್ಕ ನನ್ನನ್ನು ಹುಡುಕಿಕೊಂಡು ಬೆಂಚಿಗೆ ಬಂದಳು.

"ತಮ್ಮಾ, ನಾಳೆ ಕೊಪ್ಪಳ ಕಡೆ ಹೊಂಟೀಯಂತಲ್ಲ. ನನ್ನ ಮಗಳಿಗೂ ಒಂದು ಹುಡುಗನ್ನ ನೋಡ್ಕೊಂಡು ಬಾ."

ಕಾಕಾ ಕೂಡಲೇ ನೆಟ್ಟಗೆ ಕೂತು, ಹುಡುಗ ಬಲಗೈಯವನಾಗಬೇಕೋ ಎಡಗೈಯವನಾಗಬೇಕೋ ಅಂತ ಕೇಳಿದರು. ಅವಳು ಸ್ವಲ್ಪ ಯೋಚನೆ ಮಾಡಿದಳು.

"ಯಾವ ಕೈ ಆದ್ರೂ ಅಕ್ಕೈತ್ರಿ ಕಾಕಾ, ಭುಜಾನೂ ಹ್ಯಾಂಗಿದ್ರೂ ನಡೀತೈತಿ. ನಿಮ್ಮ ಜೋಡಿ ಬೆಂಚಿನ ಮ್ಯಾಲ ಕುಂಡ್ರೋ ಚಟ ಒಂದು ಇರಬಾರದು."